ಲಗೇಜು ಟಿಕೀಟು

ಮೂರ್ಮನ್ಸ್ಕಿನಲ್ಲಿ ಡಿಸೆಂಬರ್ ಅಂದರೆ ಸೂರ್ಯನಿಗೆ ರಜೆ.
ಮಧ್ಯಾಹ್ನ ಹನ್ನೆರಡಕ್ಕೆ ಆಕಾಶ ತುಸು ನೀಲಿಗೆ ಹೊರಳಿ
ಯಾಕೋ ಬೇಡವೆಂದು ಮತ್ತೆ ಮುಸುಕೆಳೆದುಕೊಳ್ಳುತ್ತದೆ.
ನಾನು ನಾಲ್ಕನೇ ನಂಬರಿನ ಟ್ರಾಲಿಬಸ್ಸಿನ ಕಂಡಕ್ಟರು.
ಹೆಗಲಲ್ಲಿ ಚಿಲ್ಲರೆ ಚೀಲ,
ಕೋಟಿನೊಳಗೆ ಹೊಟ್ಟೆಗವಚಿದ
ರೊಟ್ಟಿಯಗಲದ ಪ್ಲೇಯರು.
ಎಡಗಿವಿಗೊಂದು ತಂತಿ. ಬಲಗಿವಿ ಸರ್ಕಾರದ್ದು,
‘ಮುಂದೆ ಸರೀರಿ, ಯಾರದ್ರೀ ಟಿಕೀಟು’ ಎನ್ನಲಿಕ್ಕೆ.

ತಟ್ಟೆ ಮಾರಿದವನು ಸಂತೆಕಟ್ಟೆಯ ರಿಫ್ಕಾತ್.
ಎಂಬತ್ತು ರೂಬಲ್ಲಿಗೆ ನೂರ ಅರವತ್ತೆರಡು ಹಾಡು!
‘ಮುಂಚೆ ಹದಿನೈದು ಹಿಡಿಸಿದರೆ ಹೆಚ್ಚು.
ಈಗ ಹಿಂಡಿ ಹಿಂಡಿ ತುಂಬಿದ್ದೇವೆ ನೋಡು,
ಪೀಪಾಯಿಯಲ್ಲಿ ಉಪ್ಪು ಹಾಕಿದ ಹೆರಿಂಗ್ ಮೀನಿನ ಹಾಗೆ.’

ಪಾಪ, ಪ್ಲೇಯರಿಗೆ ನಮ್ಮ ಲಿಪಿ ಬಾರದು.
ಉಗುರಗಲದ ಗಾಜಿನಲ್ಲಿ ಹಾಡಿನ ಹೆಸರಿರಬೇಕಾದಲ್ಲಿ
ಸಾಲುಗಟ್ಟಿ ನಿಂತ ಪ್ರಶ್ನೆಚಿಹ್ನೆಗಳು.
ಹಾಗಾಗಿ ನಾಮಕರಣ ನನ್ನ ಪಾಲಿಗೆ ಬಂತು.
ನಲವತ್ತೊಂದು ಆಸ್ಪತ್ರೆ ಸ್ಟಾಪು.
ನಲವತ್ತೆರಡು, ಸೇತುವೆಯ ಮೇಲೆ
ಬಸ್ಸಿನ ಕೊಂಬು ತಂತಿಯಿಂದ ಜಾರಿದ್ದು.
ಐವತ್ತಮೂರು, ಕುಡುಕನೊಬ್ಬ ಚಿಲ್ಲರೆ ಎಣಿಸುತ್ತಾ ಅತ್ತದ್ದು.

ಚಳಿಗೆ ಬ್ಯಾಟರಿ ಸಾಯುತ್ತದೆ. ಸತ್ತದ್ದನ್ನು
ಕಂಕುಳಲ್ಲಿ ಇಟ್ಟುಕೊಂಡರೆ ಇನ್ನರ್ಧ ಗಂಟೆ ಜೀವ.
ಡ್ರೈವರ್ ಫೈನಾ ಕನ್ನಡಿಯಲ್ಲಿ ನೋಡಿ ನಗುತ್ತಾಳೆ,
‘ಕೋಳಿ ಕಾವಿಗೆ ಕೂತಿತು.’

ಗುರುವಾರ ಗುರುವಾರ ಹತ್ತುವವನು ಪ್ರೋಖೊರ್ ಅಜ್ಜ,
ಬಂದರಿನ ಕ್ಲಬ್ಬಿನಲ್ಲಿ ಮೂವತ್ತು ವರ್ಷ
ಎದೆಗವಚಿ ತಿದಿಯೊತ್ತುವ ಬಯಾನು ನುಡಿಸಿದವನು.
‘ಏನು ಕೇಳ್ತೀಯೆ?’ ಅಂದ.
ತಂತಿ ಬಿಚ್ಚಿ ಅವನ ಕಿವಿಗಿಟ್ಟೆ.
ಎಂಬತ್ತೆಂಟು. ಅದರಲ್ಲಿ ಯಾರೋ ಬಯಾನು ನುಡಿಸುತ್ತಾರೆ.
ಅಜ್ಜ ಕಣ್ಣು ಮುಚ್ಚಿದ. ಎರಡು ಸ್ಟಾಪು ಹೋದವು,
ಅವನು ಇಳಿಯಬೇಕಾದ್ದೂ ಹೋಯಿತು.
‘ಬೆರಳು ಪಳಗಿದೆ. ಉಸಿರೆಲ್ಲಿ?’

ರಿಫ್ಕಾತನನ್ನು ಕೇಳಿದೆ. ಕೈಗವಸು ತಿಕ್ಕುತ್ತಾ ಹೇಳಿದ:
‘ಕಿವಿಗೆ ಬೀಳದ್ದನ್ನು ಕಂಪ್ಯೂಟರೇ ಹೆಕ್ಕಿ ಬಿಸಾಡುತ್ತೆ,
ಜಾಗ ಉಳಿಯೋದೇ ಹಾಗೆ.’
ಮುಂದಿನ ಗುರುವಾರ ಅಜ್ಜನಿಗೆ ಒಪ್ಪಿಸಿದೆ.
‘ಯಾರ ಕಿವಿಗೆ?’ ಅಂದ.
ರಿಫ್ಕಾತನಿಗೂ ಗೊತ್ತಿರಲಿಲ್ಲ. ಟೀ ಕೊಟ್ಟ.

ಅಜ್ಜ ಮಾತ್ರ ಬಿಡಲಿಲ್ಲ. ಪ್ಲೇಯರನ್ನು ತೊಡೆಯ ಮೇಲಿಟ್ಟು
ಮುಚ್ಚಳಕ್ಕೆ ಅಂಗೈ ಒತ್ತಿ ನಾಡಿ ಹಿಡಿದ.
‘ತಟ್ಟೆ ನಿಂತಿದೆ ಕಣೇ! ಹಾಡು ಎಲ್ಲಿಂದ?’
‘ಮುಂದಿನದನ್ನು ಮೊದಲೇ ನುಂಗಿಟ್ಟುಕೊಂಡಿರುತ್ತೆ ಅಜ್ಜಾ,
ರಸ್ತೆಯ ಗುಂಡಿಗೆ ಎಡವಬಾರದಲ್ಲ.’
ಹಲ್ಲಿಲ್ಲದ ಬಾಯಿ ತುಂಬ ನಕ್ಕ.
‘ನನ್ನ ಹೆಂಡತಿಯ ಜಗಳದ ಹಾಗೆ.
ಅವಳು ಸುಮ್ಮನಾದ ಮೇಲೂ ಎರಡು ದಿನ ಕೇಳಿಸುತ್ತಿತ್ತು.’
ಆಮೇಲೆ ಕಿಟಕಿಯ ಮಂಜನ್ನು ಉಗುರಲ್ಲಿ ಕೆರೆಯುತ್ತಾ
ಕೂತಿದ್ದ, ಡಿಪೋ ಬರುವ ತನಕ.

ಜನವರಿಯ ಒಂದು ಗುರುವಾರ ಕಪ್ಪು ಪೆಟ್ಟಿಗೆಯೊಂದಿಗೆ ಬಂದ.
ಎರಡು ಮೊಳಕ್ಕಿಂತ ದೊಡ್ಡದಕ್ಕೆ ಲಗೇಜು ಟಿಕೀಟು,
ರೂಲ್ಸು ರೂಲ್ಸೇ. ಹರಿದು ಕೊಟ್ಟೆ.
ಐದು ರೂಬಲ್ ಎಣಿಸಿ ಕೊಟ್ಟ, ಚೌಕಾಸಿ ಮಾಡಲಿಲ್ಲ.
ಬಯಾನು ಹೊರತೆಗೆದು ಪಟ್ಟಿಗೆ ತೋಳು ತೂರಿಸಿದ.
ಸ್ವರದ ಗುಂಡಿ ಒಂದನ್ನೂ ಮುಟ್ಟದೆ
ಗಾಳಿಗುಂಡಿ ಒಂದನ್ನೇ ಒತ್ತಿ
ತಿದಿಯನ್ನು ಮೆಲ್ಲಗೆ ಬಿಚ್ಚಿದ, ಮೆಲ್ಲಗೆ ಮುಚ್ಚಿದ.

ಕೆಂಪು ದೀಪಕ್ಕೆ ಬಸ್ಸು ನಿಂತಿತ್ತು. ಮೋಟಾರು ಮೌನ.
ಮೀನಿನ ಚೀಲದ ಹೆಂಗಸು, ಇಬ್ಬರು ನಾವಿಕ ಹುಡುಗರು,
ನಿದ್ದೆಗಣ್ಣಿನ ನರ್ಸು,
ಯಾರೂ ಕೆಮ್ಮಲಿಲ್ಲ.
ನನ್ನ ಎಡಗಿವಿಯಲ್ಲಿ ನೂರ ಹನ್ನೆರಡು ಓಡುತ್ತಲೇ ಇತ್ತು.
ಇದನ್ನು ಕೇಳಿದ್ದು ಬಲಗಿವಿ,
ಸರ್ಕಾರದ್ದು.

‘ಇದನ್ನೇ ಅವರು ಬಿಸಾಡಿದ್ದು,’ ಅಂದ ಅಜ್ಜ.
ಹಸಿರಾಯಿತು. ಫೈನಾ ಹೊರಟಳು.

ಆ ರಾತ್ರಿ ಎಂಬತ್ತೆಂಟಕ್ಕೂ ಹೆಸರಿಟ್ಟೆ:
ಲಗೇಜು, ಐದು ರೂಬಲ್.