ನಲವತ್ತೇಳು ನಿಮಿಷ

ಮಖೀನಾ ಯಾರ್ಡು, ಬಸ್ರಾ. ತಗಡಿನ ಕಚೇರಿ.
ಮೇಜಿನ ನಾಲ್ಕೂ ಕಾಲು ನೀರಿನ ಡಬ್ಬಿಯಲ್ಲಿ, ಇರುವೆಗೆ ಹೆದರಿ.
ಮಸಿ ಕುಡಿಕೆಯಲ್ಲಿ ಹತ್ತು ಗಂಟೆಗೇ ಕಾಡಿಗೆ.
ನಾನು ಎನ್. ಜಿ. ಮಳಗಿ, ಟ್ರೇನ್ಸ್ ಕ್ಲಾರ್ಕ್,
ಹುಬ್ಬಳ್ಳಿ ಶೆಡ್ಡಿನಿಂದ ಎರವಲು ಬಂದವನು,
ಇನ್ನೂರ ಹದಿನಾರನೇ ನಂಬರಿನ ಎಂಜಿನ್ನಿನ ಹಾಗೆಯೇ.
ಅದಕ್ಕೆ ಹನ್ನೊಂದು ಹಾಳೆಯ ಜಾತಕ:
ಎಂದು ಹುಟ್ಟಿತು, ಒಡಲಲ್ಲಿ ಎಷ್ಟು ಕೊಳವೆ,
ಯಾವ ಗಾಲಿಗೆ ಯಾವ ವರ್ಷ ಗಾಯ.
ನನಗೆ ಅರ್ಧ ಹಾಳೆ.
ದಾವಲಸಾಬ ನದಾಫನಿಗೆ
ಒಂದು ಹಿತ್ತಾಳೆ ಬಿಲ್ಲೆ.

ಬಿಲ್ಲೆ ೫೩೧. ಎರಡನೇ ಫೈರ್‌ಮನ್. ಗದಗಿನವನು.
ಅರಳೆ ಹಿಂಜಿದ ಕೈ,
ಕಲ್ಲಿದ್ದಲನ್ನೂ ಹಾಗೇ ಹಗುರಾಗಿ ಎಸೆಯುತ್ತಿತ್ತು.
ಕಿಟಕಿಗೆ ಬಂದು ನಿಂತು ಕೇಳುವನು:
"ಇಷ್ಟೇನ ಬರೀತೀರ್ರೀ ಸಾಹೇಬ್ರ?
ಗಾಡಿ ಹೋಗೂದು ಹಬೀ ಮ್ಯಾಲೋ, ಕಾಗದದ ಮ್ಯಾಲೋ?"
"ಎರಡೂ ಅಲ್ಲೋ ಮಾರಾಯಾ, ಸಹೀ ಮ್ಯಾಲ."
ನಕ್ಕಿದ್ದೆವು. ನೀರು ಬೇಕೆಂದ. ಕೊಟ್ಟೆ.
ಆ ಲೋಟದ ಲೆಕ್ಕ ಎಲ್ಲೂ ಇಲ್ಲ.

ಜುಲೈ. ಶುಐಬಾ ದಾಟಿದ ಮೇಲೆ
ಒಲೆ ಯಾವುದು, ಬಯಲು ಯಾವುದು, ತಿಳಿಯದು.
ಫುಟ್‌ಪ್ಲೇಟಿನ ಮೇಲೆ ಕೂತ, ಒರಗಿದ,
ಇಳಿಸುವಷ್ಟರಲ್ಲಿ ಇರಲಿಲ್ಲ.
ನಡುದಾರಿಯಲ್ಲಿ ಗಾಡಿ ನಿಲ್ಲಕೂಡದು: ಫೌಜಿನ ಹುಕುಂ.
ಡ್ರೈವರ್ ರೆಬೆಲ್ಲೊ ನಿಲ್ಲಿಸಿದ.
ಕಲ್ಲಿದ್ದಲ ಸಲಿಕೆಯಿಂದಲೇ ಅಗೆದರಂತೆ,
ಟೆಂಡರಿನ ಬಿಸಿನೀರಲ್ಲೇ ಮೀಯಿಸಿದರಂತೆ.
ಊರಿನ ರೂಢಿಯಂತೆ ಪಡುವಣಕ್ಕೆ ಮುಖ ಮಾಡಿಸಿದರೆ
ಬಸ್ರಾದ ಹಮಾಲನೊಬ್ಬ ತಲೆಯಾಡಿಸಿ,
ಮಲಗಿದ್ದ ಮಗುವಿನ ಮಗ್ಗುಲು ಬದಲಿಸುವಂತೆ
ನೈಋತ್ಯಕ್ಕೆ ತಿರುಗಿಸಿದನಂತೆ.
ಇಲ್ಲಿಂದ ಮಕ್ಕಾ ಆ ಕಡೆ.
ಬಿಲ್ಲೆಯನ್ನು ಕೊರಳಲ್ಲೇ ಬಿಟ್ಟರು.
ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ಸಂಜೆ ರೆಬೆಲ್ಲೊ ನನ್ನೆದುರು ನಿಂತ, ಟೊಪ್ಪಿಗೆ ಕೈಯಲ್ಲಿ.
ತಡ: ನಲವತ್ತೇಳು ನಿಮಿಷ.
ಕಾರಣದ ಕಾಲಮ್ಮು ಎರಡು ಬೆರಳಗಲ.
ಅಚ್ಚಾದ ಕಾರಣಗಳು: ಎಂಜಿನ್, ನೀರು, ಮರಳು, ಶತ್ರು.
'ಇತರೆ' ಎಂದರೆ ಬೇರೆ ಫಾರಮ್ಮು, ಮೂರು ಪ್ರತಿ,
ಆಮೇಲೆ ಡ್ರೈವರಿನ ಕೋರ್ಟ್ ಮಾರ್ಷಲ್.
ಬರೆದೆ: 'ನೀರು ಉಪ್ಪು. ಬಾಯ್ಲರು ನೊರೆಯುಕ್ಕಿ ನಿಂತಿತು.'
ದುಂಡು ಅಕ್ಷರ. ಒತ್ತುಗಾಗದ. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮುಗಿಯಲಿಲ್ಲ. ಆಗಸ್ಟಿನಲ್ಲಿ ಪತ್ರ: ಆ ನೀರನ್ನು ಪರೀಕ್ಷಿಸಲಾಗಿದೆ,
ಉಪ್ಪು ಮಿತಿಯಲ್ಲಿದೆ, ವಿವರಣೆ ಬೇಕು.
ಅಕ್ಟೋಬರಿನಲ್ಲಿ ಜ್ಞಾಪನ. ಜ್ಞಾಪನಕ್ಕೆ ಜ್ಞಾಪನ.
ರೆಬೆಲ್ಲೊಗೆ ಎರಡು ರೂಪಾಯಿ ದಂಡ; ಕಟ್ಟಿದ, ತುಟಿ ಬಿಚ್ಚಲಿಲ್ಲ.
ನವೆಂಬರಿನ ಮಸ್ಟರ್ ರೋಲ್ ನನ್ನ ಮೇಜಿಗೆ ಬಂತು,
ಬೇರೆ ಯಾರದೋ ಕೈಬರಹ, ಕೆಂಪು ಮಸಿ:
'೫೩೧. ಗೈರು. ಫರಾರಿ ಎಂದು ಪರಿಗಣಿಸಿದೆ.
ಊರಿಗೆ ಹೋಗುವ ಹಣ ನಿಲ್ಲಿಸಿದೆ.
ಬಿಲ್ಲೆ ಮರಳಿಸಿಲ್ಲ: ಎಂಟಾಣೆ ಕಡಿತ.'

ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತೇವೆ ಹುಡುಗರಿಗೆ.
ಇವನನ್ನು ಲೆಕ್ಕದಿಂದ ತೆಗೆದವನು ನಾನೇ.
ಅವನ ಹೆಂಡತಿಯ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.
ಎಂಟಾಣೆ ನನ್ನ ಕಿಸೆಯಿಂದ ಕಟ್ಟಿದೆ.
ರಶೀದಿ ಕೊಟ್ಟರು.

ಈಗ ಯುದ್ಧ ಮುಗಿದು ವರ್ಷ. ದಫ್ತರು ಮುಚ್ಚುವ ಹುಕುಂ.
ಪೆಟ್ಟಿಗೆಗಳ ನಡುವೆ ಅದೇ ಫೈಲು, ಅದೇ ಪ್ರಶ್ನೆ:
'೪೭ ನಿಮಿಷ ಇನ್ನೂ ಇತ್ಯರ್ಥವಾಗಿಲ್ಲ.'
ರೆಬೆಲ್ಲೊ ಹೋದ ವರ್ಷದ ಜ್ವರಕ್ಕೆ ಹೋದ.
ಧೈರ್ಯ ಬಂದದ್ದು ಅದರಿಂದಲ್ಲ
ಎಂದುಕೊಳ್ಳುತ್ತೇನೆ. ಖಾತ್ರಿಯಿಲ್ಲ.

ಬರೆಯುತ್ತೇನೆ. ಕಾಲಮ್ಮು ಸಾಲದು,
ಅಂಚಿನಲ್ಲಿ, ಅಂಚು ಮುಗಿದು ಹಾಳೆಯ ಬೆನ್ನಿನಲ್ಲಿ:
ತಂತಿಕಂಬ ಇಷ್ಟನೆಯದು, ಹಳಿಯಿಂದ ಹದಿನಾಲ್ಕು ಹೆಜ್ಜೆ,
ಮುಖ ನೈಋತ್ಯಕ್ಕೆ, ಬಿಲ್ಲೆ ಅಲ್ಲೇ ಇದೆ.
ಅಗೆಯಲು ಮೂವತ್ತು ನಿಮಿಷ, ಮೀಯಿಸಲು ಎಂಟು,
ಪ್ರಾರ್ಥನೆಗೆ ಐದು, ಮಣ್ಣಿಗೆ ನಾಲ್ಕು.
ಕೂಡಿ ನೋಡಿ, ಸರಿಯಾಗಿದೆ.
ನಾಲ್ಕು ಪ್ರತಿ. ಕೊನೆಯದು ಮಸುಕು,
ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತದೆ.
ಅದು ಗದಗಿಗೆ.