ದಗಡೀಪಾಲಾ

ಬೆಳ್ಳಿ ನೈಟ್ರೇಟಿನ ನೀರಿಗೆ ಎಲೆಯ ಕಷಾಯ ಬೆರೆಸಿ
ಕಾದು ಕೂತರೆ ಗಂಟೆಯೊಳಗೆ ಬಣ್ಣ ಬರುತ್ತದೆ,
ಸ್ವಾರಗೇಟ್ ಸ್ಟ್ಯಾಂಡಿನ ಚಹಾದ ಬಣ್ಣ.
ಕಣ್ಣಿಗೆ ಕಾಣುವುದು ಅಷ್ಟೇ.
ಕೂದಲೊಂದನ್ನು ಸಾವಿರ ಎಳೆಯಾಗಿ ಸೀಳಿದರೆ
ಒಂದೆಳೆಯಷ್ಟು ಆ ಕಣ, ಅಂತ
ಫಕೀರವ್ವನಿಗೆ ತಿಳಿಸಿ ಹೇಳಿದೆ.

ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವಾಕೆ.
ಸಕ್ಕರೆ ಕಾಯಿಲೆ. ಎಡ ಹಿಮ್ಮಡಿಯಲ್ಲಿ ಐದು ತಿಂಗಳ ಹುಣ್ಣು.
ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿದಳು:
"ಯಾವ ತಪ್ಪಲ್ರೀ ಅದು?"
ತೋರಿಸಿದೆ. ನಕ್ಕುಬಿಟ್ಟಳು.
"ಇದಾ! ಗೋಡೌನ್ ಗ್ವಾಡಿ ಬುಡಕ ಬೆಳಿತೈತಿ.
ಕುಡುಗೋಲು ತಾಗಿದ್ರ ಅಗದು ಹಚ್ಚತಿದ್ವಿ."
ಮೊದಲು ಇಲಿಗಳ ಮೇಲೆ ನೋಡಿದ್ದೇವೆ, ಎಂದೆ. ಮೂವತ್ತಾರು.
"ಪಾಪ," ಎಂದಳು.

ವಾರಕ್ಕೊಮ್ಮೆ ಪಾರದರ್ಶಕ ಹಾಳೆಯಿಟ್ಟು
ಹುಣ್ಣಿನ ಅಂಚು ಗೀರುತ್ತೇನೆ:
ಯಾರೋ ಕಚ್ಚಿಟ್ಟುಹೋದ ರೊಟ್ಟಿ.
ಈ ವಾರ ಇನ್ನೊಂದು ತುತ್ತು ಕಡಿಮೆ.
ಅವಳಿಗೆ ಸಿಕ್ಕಿದ್ದು ಆ ಮುಲಾಮೋ, ಬರೀ ಸಾದಾ ಪಟ್ಟಿಯೋ
ನನಗೂ ಗೊತ್ತಿಲ್ಲ.
ಚೀಟಿ ಡಾಕ್ಟರ ಬೀರುವಿನಲ್ಲಿದೆ, ಬೀಗ ಹಾಕಿ.

ಎಂಟು ಹಾಳೆ ಒಂದರ ಮೇಲೊಂದಿಟ್ಟು
ಕಿಟಕಿಯ ಬೆಳಕಿಗೆ ಹಿಡಿದೆ.
ಸುತ್ತಿನೊಳಗೆ ಸುತ್ತು, ಅಡ್ಡ ಕೊಯ್ದ ಉಳ್ಳಾಗಡ್ಡಿ.
ಫಕೀರವ್ವ ಕಣ್ಣು ಕಿರಿದು ಮಾಡಿ
ಮಾಲು ನೋಡುವ ಹಾಗೆ ನೋಡಿದಳು:
"ನಡುವಿಂದು ಇನ್ನಾ ಹಸಿ ಐತಿ."