ಇಲ್ಲ ಎಂಬುದರ ತೂಕ

ಮೂರೂವರೆಗೆ ಸರಿಯಾಗಿ ನಿಲ್ಲುತ್ತಿತ್ತು ತೇವ ಅಳೆಯುವ ಯಂತ್ರ.
ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸು, ಎರಡನೇ ಗೋದಾಮು,
ಗಾಳಿಯಲ್ಲಿ ಹೊಟ್ಟು, ರೆಪ್ಪೆಯ ಮೇಲೆ ಹೊಟ್ಟು,
ಚಹಾದ ಲೋಟದೊಳಗೆ ಹೊಟ್ಟು.
ಹೌದು, ಕಾಫಿ ಕಾರ್ಖಾನೆಯಲ್ಲಿ ಎಲ್ಲರೂ ಕುಡಿಯುವುದು ಚಹಾ.

ಮೂವತ್ತೆರಡು ಎಂಬಿ ನೆನಪು ಅದಕ್ಕೆ, ಅಷ್ಟೇ.
ಮೂಟೆಗೊಂದು ಕಡತ: ತೋಟ, ತೂಕ, ತೇವ ಹನ್ನೊಂದೂವರೆ.
ಬರೆದು ಮುಚ್ಚಿದ ಮೇಲೂ ಹೆಸರನ್ನು
ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿರುತ್ತದೆ ಕರ್ನೆಲ್,
ಮತ್ತೆ ಯಾರಾದರೂ ಕೇಳಿಯಾರು ಎಂದು.

ಕರ್ನೆಲ್ ಅಂದರೆ ತಿರುಳು, ಎಂದೆ ಬೀಜ ಆರಿಸುವವರಿಗೆ.
‘ಹಂಗಾದ್ರೆ ಸಿಪ್ಪೆ ಸುಲಿ ಮತ್ತೆ, ಮಾತಾಡ್ತಾ ನಿಂತ್ಕೋಬೇಡ’
ಅಂದರು ಸೆವ್ರಿನ್ ಬಾಯಿ, ಮೊರದಿಂದ ಕಣ್ಣೆತ್ತದೆ.

ಸುಲಿದೆ.
ಪ್ರತಿ ಕಡತಕ್ಕೂ ಒಂದು ಮೈ, ಆರುನೂರ ಎಂಟು ಬೈಟು.
ಒಳಗೆ ಒಂದೇ ಬೈಟಿನ ಗುರುತು, ಪಕ್ಕದಲ್ಲಿ ಏಳು ಬೈಟು ಖಾಲಿ,
ಬೇಲೂರು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದು
ಆಸಾಮಿ ಕೆಳಗಿಳಿದು ಕಡಲೆಕಾಯಿ ಕೊಳ್ಳುತ್ತ ನಿಂತ ಹಾಗೆ.
ಟವೆಲುಗಳನ್ನು ಎತ್ತಿದೆ. ದೊಡ್ಡವನ್ನು ಮೊದಲು ಕೂರಿಸಿ
ಚಿಲ್ಲರೆಯನ್ನೆಲ್ಲ ಹಿಂದಿನ ಸೀಟಿಗೆ ಒತ್ತಿದೆ.
ಯಾವ ಕಾಲದಲ್ಲೋ ಯಾರೋ ಸೇರಿಸಿದ್ದ ಒಂದು ಕೊಂಡಿ,
ಈ ಪೆಟ್ಟಿಗೆಯಲ್ಲಿ ಯಾರೂ ಮುಟ್ಟದ್ದು, ಹೆದರುತ್ತಲೇ ಕಿತ್ತೆ.
ಐನೂರ ಅರವತ್ತು.
ಪುಟದೊಳಗೆ ಆರು ಕೂರುತ್ತಿದ್ದಲ್ಲಿ ಈಗ ಏಳು.
ಆ ಏಳನೆಯದಕ್ಕೆ ಮೂರು ರಾತ್ರಿ.

ಆದರೂ ನಿಂತಿತು. ಮೂರೂವರೆಗಲ್ಲ, ನಾಲ್ಕು ಹತ್ತಕ್ಕೆ.

ಆಗ ಕಣ್ಣಿಗೆ ಬಿದ್ದವು ಇಲ್ಲಗಳು.
ಇರದ ಕಡತವನ್ನು ಕೇಳಿದರೆ ಒಳಗೆಲ್ಲ ಹುಡುಕಿ ಬಂದು
‘ಇಲ್ಲ’ ಅನ್ನುತ್ತದೆ. ಸರಿ.
ಆ ಇಲ್ಲಕ್ಕೂ ಒಂದು ಚೀಟಿ ಹಚ್ಚಿ ಎತ್ತಿಡುತ್ತದೆ,
ಮರುಸಲ ಕೂತಲ್ಲಿಂದಲೇ ಹೇಳಲು.
ತಕ್ಕಡಿಯ ಪ್ರೋಗ್ರಾಮು ಇನ್ನೂ ಬಾರದ ಮೂಟೆಗಳನ್ನು
ಒಂದೊಂದಾಗಿ ಹೆಸರು ಹಿಡಿದು ಕೂಗುತ್ತಿತ್ತು ದಿನವಿಡೀ.
ಹದಿನೆಂಟು ಸಾವಿರ ಇಲ್ಲ,
ತಲಾ ನೂರ ತೊಂಬತ್ತೆರಡು ಬೈಟು.
ಇಲ್ಲದ್ದರ ತೂಕ ಇಷ್ಟೆಂದು ನನಗೆ ಗೊತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ರೈಟರ್ ಪದ್ಮಯ್ಯ.
ತೊಂಬತ್ತೊಂದರ ಹಾಜರಿ ಪುಸ್ತಕ ಸಿಕ್ಕರೆ
ಸೆವ್ರಿನ್ ಬಾಯಿಯ ಗ್ರಾಚ್ಯುಟಿಗೆ ಆರು ವರ್ಷ ಸೇರುತ್ತದೆ.
ತಿಂಗಳಿಗೊಮ್ಮೆ ಕೈ ಒರೆಸಿಕೊಂಡು ಬಂದು ಕೇಳುತ್ತಾರೆ.
‘ಇಲ್ಲಮ್ಮ’, ಪದ್ಮಯ್ಯ ಕನ್ನಡಕವನ್ನೂ ಎತ್ತುವುದಿಲ್ಲ.
ಸುಳ್ಳಲ್ಲ. ಒಮ್ಮೆ ಎದ್ದು ಹುಡುಕಿದ್ದರು, ಹೋದ ಮಾರ್ಚಿನಲ್ಲಿ.

ನಾನು ಇಲ್ಲಗಳಿಗೆ ಮಿತಿ ಹಾಕಿದೆ: ಇನ್ನೂರು, ಹೆಚ್ಚಿಲ್ಲ.
ಹಳೆಯದು ಮೊದಲು ಹೋಗಲಿ.
ಮರೆತದ್ದನ್ನು ಮತ್ತೆ ಕೇಳಿದರೆ ಎದ್ದು ಹೋಗಿ ನೋಡಲಿ,
ನಿಧಾನವಾದರೆ ಆಗಲಿ.
ಅಂದು ಯಂತ್ರ ಐದಕ್ಕೂ ಓಡಿತು, ಆರಕ್ಕೂ.

ಹೇಗೆ ಮಾಡಿದೆ ಎಂದು ಕೇಳಿದರು ಪದ್ಮಯ್ಯ. ಹೇಳಿದೆ.
ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಬೀಗದ ಕೈ ತಡಕಿದರು.

ಪುಸ್ತಕ ಬೀರುವಿನ ಮೂರನೇ ಹಲಗೆಯಲ್ಲಿತ್ತು.
ಮಾರ್ಚಿನಲ್ಲಿ ಬೈಂಡಿಂಗಿಗೆ ಹೋಗಿತ್ತಂತೆ,
ಏಪ್ರಿಲ್‌ನಲ್ಲೇ ಬಂದು ಕೂತಿತ್ತು, ಹೊಸ ಕೆಂಪು ಬೆನ್ನು ಹೊತ್ತು.
ಒಳಗೆ ಅವರ ಹೆಸರು ‘ಶವರಿಬಾಯಿ’.
ಅದಕ್ಕೊಂದು ಅಫಿಡವಿಟ್ಟು, ಅದಕ್ಕೊಬ್ಬ ನೋಟರಿ. ಇರಲಿ,
ಅದು ಬೇರೆ ಕಥೆ, ಇನ್ನೂ ಮುಗಿದಿಲ್ಲ.

ಕಡತದ ಮೈಯಲ್ಲಿ ಒಂದು ಕಡೆ ಮಾತ್ರ
ನಾಲ್ಕು ಬೈಟು ಹಾಗೇ ಖಾಲಿ ಬಿಟ್ಟಿದ್ದೇನೆ.
ದೊಡ್ಡ ಕಾರಣವೇನಿಲ್ಲ.
ಅಲ್ಲಿಗೆ ಹೊಂದುವಂಥದ್ದು ಸಿಗಲಿಲ್ಲ. ಸದ್ಯಕ್ಕೆ ಇಲ್ಲ.